ಡಬ್ಬಿಗೆ ಸಿಗದ ನೊಣ: ಹೆಬ್ಬಾಳದಲ್ಲಿ ಹುಳದಿಂದಲೇ ಹುಳ ಹಿಡಿದ ಕಥೆ

ಅವರೆ ಗಿಡದ ಕುಡಿಗೆ ಕಪ್ಪು ಹೇನು ಬಿದ್ದಾಗ ಕಣ್ಣಿಗೆ ಮೊದಲು ಕಾಣುವುದು ಹೇನು, ಆಮೇಲೆ ಅದರ ಸುತ್ತ ಓಡಾಡುವ ಇರುವೆ. ಅಲ್ಲೇ ಇನ್ನೊಂದು ಜೀವವೂ ಇರುತ್ತದೆ. ಅಕ್ಕಿ ಕಾಳಿನಷ್ಟು ಗಾತ್ರದ, ಕಾಲಿಲ್ಲದ, ಕಣ್ಣಿಲ್ಲದ, ಮಾಸಲು ಹಸಿರು ಬಣ್ಣದ ಹುಳ. ಮೂತಿಯನ್ನು ಅತ್ತ ಇತ್ತ ಆಡಿಸುತ್ತ ತಡಕಾಡುತ್ತದೆ. ಹೇನು ತಗುಲಿದರೆ ಕಚ್ಚಿ ಮೇಲಕ್ಕೆತ್ತಿ, ರಸ ಹೀರಿ, ಸಿಪ್ಪೆ ಬಿಸಾಡಿ ಮುಂದಕ್ಕೆ ಹೋಗುತ್ತದೆ. ಇದೂ ಬೆಳೆ ತಿನ್ನುವ ಹುಳ ಎಂದು ತಿಳಿದು ಔಷಧಿ ಹೊಡೆಯುವವರೇ ಹೆಚ್ಚು.

ಈ ಹುಳ ಒಂದು ನೊಣದ ಮರಿ. ದೊಡ್ಡದಾದ ಮೇಲೆ ಅದರ ವೇಷವೇ ಬೇರೆ. ಹೊಟ್ಟೆಯ ಮೇಲೆ ಹಳದಿ ಕಪ್ಪು ಪಟ್ಟೆ, ಹೂವಿನ ಮುಂದೆ ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುವ ಅಭ್ಯಾಸ. ನೋಡಿದವರು ಜೇನುನೊಣ ಎಂದುಕೊಳ್ಳುತ್ತಾರೆ. ಆದರೆ ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಕೊಂಡಿ ಇಲ್ಲ, ಕಚ್ಚುವುದಿಲ್ಲ. ಹಕ್ಕಿಗಳು ಹೆದರಲಿ ಎಂದು ತೊಟ್ಟ ವೇಷ ಅಷ್ಟೆ. ಕೃಷಿ ಪುಸ್ತಕಗಳಲ್ಲಿ ಇದರ ಹೆಸರು ಸಿರ್ಫಿಡ್ ನೊಣ. ಈ ಬರಹದಲ್ಲಿ ನಾವು ಇದನ್ನು ಹೂನೊಣ ಎಂದು ಕರೆಯೋಣ.

ಗುಲಗಂಜಿ ಹುಳದ ಹೆಸರು ಮಕ್ಕಳಿಗೂ ಗೊತ್ತು. ಟ್ರೈಕೋ ಕಾರ್ಡ್ ಅಂದರೆ ಕಬ್ಬು, ಟೊಮೆಟೊ ಬೆಳೆಯುವ ಅನೇಕರಿಗೆ ಗೊತ್ತು. ಅವುಗಳ ಜೊತೆಯಲ್ಲೇ ಹೊಲದಲ್ಲಿ ದುಡಿಯುವ ಹೂನೊಣಕ್ಕೆ ಆ ಹೆಸರು ಏಕೆ ಬರಲಿಲ್ಲ? ಇದಕ್ಕೆ ಉತ್ತರ ಹುಡುಕಲು ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳದ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು. ಹುಳವನ್ನು ಹುಳದಿಂದ ಹಿಡಿಯುವ ವಿದ್ಯೆ ನಮ್ಮ ರಾಜ್ಯದಲ್ಲಿ ಬೆಳೆದದ್ದು ಹೆಚ್ಚಾಗಿ ಅಲ್ಲೇ.

ಮೂವತ್ತು ಎಕರೆಯಿಂದ ಶುರು

ಇವತ್ತು ಹೆಬ್ಬಾಳ ಅಂದರೆ ಫ್ಲೈಓವರ್, ಟ್ರಾಫಿಕ್ಕು. 1899ರಲ್ಲಿ ಅದು ಕೆರೆ ಪಕ್ಕದ ಹಳ್ಳಿ. ಆಗ ಮೈಸೂರು ಸಂಸ್ಥಾನವನ್ನು ನೋಡಿಕೊಳ್ಳುತ್ತಿದ್ದವರು ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಅವರು 30 ಎಕರೆ ಜಾಗದಲ್ಲಿ ಕೃಷಿ ಪ್ರಯೋಗ ಕೇಂದ್ರ ಮಾಡಿಸಿದರು. ಮಣ್ಣು ಮತ್ತು ಬೆಳೆಯ ಅಧ್ಯಯನಕ್ಕೆ ಲೇಮನ್ ಎಂಬ ವಿಜ್ಞಾನಿ ಬಂದರು.

1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರೆಂದು ಅವರ ಹೆಸರು ಉಳಿದಿದೆ. ಬೆಳೆ ರೋಗದ ಜೊತೆಗೆ ಕೀಟಗಳೂ ಅವರ ಪಾಲಿನ ಕೆಲಸವೇ ಆಗಿದ್ದವು. ಜೋಳ ತಿನ್ನುವ ಒಂದು ಮಿಡತೆಗೆ ವಿಜ್ಞಾನಿಗಳು ಅವರ ಹೆಸರಿನಿಂದಲೇ ಕೋಲ್ಮೇನಿಯ ಎಂದು ಹೆಸರಿಟ್ಟರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದವು. ಹೆಬ್ಬಾಳ ಅವರೆ ತಳಿಗಳು ಹುಟ್ಟಿದ್ದು ಇದೇ ಪರಂಪರೆಯಲ್ಲಿ. ಹಳೆಯ ಅವರೆ ಹಗಲು ಚಿಕ್ಕದಾಗುವ ಚಳಿಗಾಲದಲ್ಲಷ್ಟೇ ಹೂ ಬಿಡುತ್ತಿತ್ತು. ಹೆಬ್ಬಾಳ ಅವರೆ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತದೆ. ಅವರೆ ವರ್ಷವೆಲ್ಲ ಬಂದರೆ ಹೇನಿಗೂ ವರ್ಷವೆಲ್ಲ ಊಟ, ಅದನ್ನೂ ನೆನಪಿಡಬೇಕು.

ಆ ದಿನಗಳಲ್ಲಿ ಹೂನೊಣವನ್ನು ಯಾರೂ ಗಮನಿಸಿರಲಿಲ್ಲ ಅಂತೇನಿಲ್ಲ. ಕಲ್ಕತ್ತೆಯಲ್ಲಿದ್ದ ಎನ್ರಿಕೊ ಬ್ರುನೆಟ್ಟಿ ಹೊಟ್ಟೆಪಾಡಿಗೆ ಸಂಗೀತಗಾರ, ಆಸಕ್ತಿಯಿಂದ ನೊಣಗಳ ಪಂಡಿತ. ಭಾರತದ ನೊಣಗಳ ಬಗ್ಗೆ 1923ರಲ್ಲಿ ಬಂದ ಅವರ ದಪ್ಪ ಸಂಪುಟದಲ್ಲಿ ಹೂನೊಣಗಳ ದೊಡ್ಡ ಪಟ್ಟಿಯೇ ಇದೆ. ಪಟ್ಟಿಯಲ್ಲಿ ಸೇರಿತು, ಆದರೆ ಬೇಸಾಯದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಹುಳಕ್ಕೆ ಹುಳವೇ ಮದ್ದು

ಒಂದು ಹುಳವನ್ನು ಬಿಟ್ಟು ಇನ್ನೊಂದನ್ನು ಹಿಡಿಸುವ ಯೋಚನೆ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ತೋಟಗಳು ಬಿಳಿ ಶಲ್ಕ ಕೀಟದಿಂದ ಒಣಗುತ್ತಿದ್ದಾಗ, 1888ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಜಾತಿಯ ಗುಲಗಂಜಿ ಹುಳವನ್ನು ತರಿಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ತೋಟಗಳು ಚೇತರಿಸಿಕೊಂಡವು. ಜಗತ್ತೆಲ್ಲ ಆ ಕಡೆ ತಿರುಗಿ ನೋಡಿತು.

ನಮ್ಮಲ್ಲಿ ಇದಕ್ಕಿಂತ ಹಳೆಯ ಕಥೆ ಪಾಪಸುಕಳ್ಳಿಯದು. 1795ರಲ್ಲಿ ಬಟ್ಟೆಗೆ ಕೆಂಪು ಬಣ್ಣ ತೆಗೆಯಲೆಂದು ಒಂದು ಹುಳವನ್ನು ಭಾರತಕ್ಕೆ ತಂದರು. ಬಣ್ಣಕ್ಕೆ ಬೇಕಾದ ಹುಳ ಅದಾಗಿರಲಿಲ್ಲ. ಆದರೆ ಅದು ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಜಾತಿಯ ಕಳ್ಳಿಗೆ 1926ರಲ್ಲಿ ಸಿಂಹಳದಿಂದ ಇನ್ನೊಂದು ಹುಳ ಬಂತು. ದಕ್ಷಿಣ ಭಾರತದಲ್ಲಿ ಎಕರೆಗಟ್ಟಲೆ ಹಬ್ಬಿದ್ದ ಕಳ್ಳಿ ಅದರಿಂದ ನೆಲ ಕಚ್ಚಿತು.

ಬೆಂಗಳೂರಿನಲ್ಲಿ ಈ ಕೆಲಸಕ್ಕೊಂದು ಮನೆ ಸಿಕ್ಕಿದ್ದು 1957ರಲ್ಲಿ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತದ ಕೇಂದ್ರ ಆಗ ಇಲ್ಲಿ ಶುರುವಾಯಿತು. ಬೇರೆ ದೇಶಗಳ ಮಿತ್ರಕೀಟಗಳನ್ನು ತರಿಸುವುದು, ನಮ್ಮವನ್ನು ಅವರಿಗೆ ಕಳಿಸುವುದು, ಯಾವ ಹುಳ ಯಾವುದನ್ನು ತಿನ್ನುತ್ತದೆ ಎಂದು ಪರೀಕ್ಷಿಸುವುದು ಅದರ ಕೆಲಸ. 1977ರಲ್ಲಿ ದೇಶದ ಹಲವು ರಾಜ್ಯಗಳನ್ನು ಸೇರಿಸಿದ ಜೈವಿಕ ನಿಯಂತ್ರಣ ಯೋಜನೆ ಬಂತು. 1993ರಲ್ಲಿ ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ತಲೆಯೆತ್ತಿತು. ಅದೇ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಯಲಹಂಕದ ಅಟ್ಟೂರಿನಲ್ಲೂ ಅದರ ಜಾಗವಿದೆ.

ಇದರ ನಡುವೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಕೈ ಹಾಕಿತು. ದ್ರಾಕ್ಷಿಗೆ ಹಿಟ್ಟುತಿಗಣೆ ಕಾಟ ಕೊಡುತ್ತಿದ್ದಾಗ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಜಾತಿಯ ಹುಳವನ್ನು ಸಾಕಿ ತೋಟಕ್ಕೆ ಬಿಡುವ ದಾರಿ ತೋರಿಸಿತು. ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ ತಿನ್ನುವ ಪಟ್ಟೆ ಹುಳವನ್ನು ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಮುಂದೆ ಅದು ಸೂರ್ಯಕಾಂತಿ ಗಿಡದ ಮೇಲೆ ಕಾಣಿಸಿಕೊಂಡು ದೊಡ್ಡ ಗದ್ದಲವೇ ಆಯಿತು. ಹೊರಗಿನಿಂದ ಹುಳ ತರುವಾಗ ಎಷ್ಟು ಎಚ್ಚರ ಬೇಕು ಎಂಬ ಪಾಠವನ್ನೂ ಅದು ಕಲಿಸಿತು. ಇವತ್ತಿಗೂ ಮಳೆಗಾಲದಲ್ಲಿ ರಸ್ತೆ ಬದಿಯ ಪಾರ್ಥೇನಿಯಂ ಎಲೆ ಜರಡಿಯಾಗಿದ್ದರೆ ಅದು ಈ ಹುಳದ ಕೆಲಸ.

ಇವಕ್ಕೆಲ್ಲ ಒಂದು ಸಮಾನ ಗುಣವಿದೆ. ಇವನ್ನು ಸಾಕಬಹುದು, ಎಣಿಸಬಹುದು, ಡಬ್ಬಿಯಲ್ಲಿ ಹಾಕಿ ಬಸ್ಸಿಗೆ ಕೊಟ್ಟು ಕಳಿಸಬಹುದು.

ಪುಡಿ ಎರಚಿದ ಕಾಲ

ಇತ್ತ ಹಳ್ಳಿಗಳಲ್ಲಿ ಬೇರೆಯೇ ಗಾಳಿ ಬೀಸಿತ್ತು. ಎರಡನೇ ಮಹಾಯುದ್ಧದ ನಂತರ ಡಿ.ಡಿ.ಟಿ. ಬಂತು. ಆಮೇಲೆ ಬಿ.ಎಚ್.ಸಿ. ಪುಡಿ, ಎಂಡ್ರಿನ್, ಫಾಲಿಡಾಲ್ ಬಂದವು. ಹೊಡೆದ ಮರುದಿನವೇ ಹುಳ ಉದುರಿ ಬೀಳುವುದನ್ನು ಕಂಡವರಿಗೆ ಇದಕ್ಕಿಂತ ಒಳ್ಳೆಯದೇನಿದೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಅವುಗಳ ವಿಷ ಎಷ್ಟು ಕಾಲ ನೆಲದಲ್ಲಿ, ಹಾಲಿನಲ್ಲಿ, ಮೈಯಲ್ಲಿ ಉಳಿಯುತ್ತದೆ ಎಂದು ತಿಳಿದು ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿತ್ತು. ಬಿ.ಎಚ್.ಸಿ. ಪೂರ್ತಿ ನಿಂತದ್ದು 1997ರಲ್ಲಿ.

ಹೇನಿನ ವಿಷಯದಲ್ಲಿ ಔಷಧಿಗೆ ಇನ್ನೊಂದು ಕುಂದು ಇದೆ. ಹೆಣ್ಣು ಹೇನಿಗೆ ಗಂಡೇ ಬೇಕಿಲ್ಲ. ಮೊಟ್ಟೆ ಇಡುವ ಗೋಜಿಲ್ಲದೆ ನೇರ ಮರಿ ಹಾಕುತ್ತದೆ. ಬೆಚ್ಚಗಿನ ದಿನಗಳಲ್ಲಿ ಆ ಮರಿ ಒಂದು ವಾರ, ಹತ್ತು ದಿನದಲ್ಲಿ ತಾನೂ ಮರಿ ಹಾಕತೊಡಗುತ್ತದೆ. ಹೂನೊಣಕ್ಕೆ ಈ ವೇಗವಿಲ್ಲ. ಹೇನು ಗುಂಪುಗಟ್ಟಿದ ಮೇಲೆ ಅದು ಬಂದು ನಡುವೆ ಒಂದೊಂದೇ ಬಿಳಿ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮರಿ ಬರುತ್ತದೆ. ಒಂದೆರಡು ವಾರ ತಿಂದು, ನೀರ ಹನಿಯಂಥ ಕೋಶವಾಗಿ, ಆಮೇಲೆ ನೊಣವಾಗುತ್ತದೆ. ಜಾತಿಗೆ ತಕ್ಕಂತೆ ಒಂದೊಂದು ಮರಿ ನೂರಾರು ಹೇನು ಮುಗಿಸುತ್ತದೆ.

ಹಾಗಾಗಿ ನಾವು ಔಷಧಿ ಹೊಡೆದಾಗ ಹೇನೂ ಸಾಯುತ್ತದೆ, ಮರಿಯೂ ಸಾಯುತ್ತದೆ. ಎಲೆ ಮಡಿಕೆಯಲ್ಲಿ ಉಳಿದ ನಾಲ್ಕು ಹೇನು ಎರಡು ವಾರದಲ್ಲಿ ಮತ್ತೆ ಕುಡಿ ತುಂಬುತ್ತವೆ. ನೊಣ ಅಷ್ಟು ಬೇಗ ಮರಳುವುದಿಲ್ಲ. ಹೇನಿನ ಕಾವಲಿಗೆ ಇದ್ದದ್ದನ್ನೇ ಕೊಂದು, ಮತ್ತೆ ಹೇನಿಗೆ ಔಷಧಿ ತರಲು ಅಂಗಡಿಗೆ ಹೋಗುವುದು. ಖರ್ಚಿನ ಲೆಕ್ಕ ಹಾಗೇ ಬೆಳೆಯುತ್ತದೆ.

ಕಬ್ಬಿನ ಬಿಳಿ ಉಣ್ಣೆ ಕಲಿಸಿದ್ದು

ಹೆಬ್ಬಾಳದ ವಿದ್ಯೆಗೆ ದೊಡ್ಡ ಪರೀಕ್ಷೆ ಬಂದದ್ದು ದೂರದ ಕಬ್ಬಿನ ಸೀಮೆಯಿಂದ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಬ್ಬಿನ ಎಲೆಯ ಅಡಿಯಲ್ಲಿ ಹತ್ತಿ ಅಂಟಿಸಿದಂತೆ ಬಿಳಿ ಹೇನು ಕಾಣಿಸಿತು. ನೋಡನೋಡುತ್ತ ಬೆಳಗಾವಿ, ಬಾಗಲಕೋಟೆ ಕಡೆಗೂ ಬಂತು. ಇದೇ ಬಿಳಿ ಉಣ್ಣೆ ಹೇನು. ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗಳೆಲ್ಲ ಮಸಿ ಬಳಿದಂತಾದವು. ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದು ಹೇಗೆ? ಹೊಡೆದವರಿಗೆ ಎಲೆ ಮೈ ಕುಯ್ಯುತ್ತಿತ್ತು, ವಿಷ ಮುಖಕ್ಕೆ ಬೀಳುತ್ತಿತ್ತು.

ಹೆಬ್ಬಾಳದವರು, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಗದ್ದೆಗಿಳಿದು ನೋಡಿದಾಗ ಹೇನಿನ ನಡುವೆಯೇ ಅದನ್ನು ತಿನ್ನುವವರೂ ಕಂಡರು. ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ಕಂದು ಬಣ್ಣದ ಜಾಲರೆಕ್ಕೆ ಕೀಟ, ಜೊತೆಗೆ ಯೂಪಿಯೋಡಿಸ್ ಎಂಬ ಹೂನೊಣ. ಈಶಾನ್ಯ ಭಾರತದಿಂದ ಎನ್ಕಾರ್ಸಿಯ ಎಂಬ ಸೂಜಿಮೊನೆಯಷ್ಟು ಸಣ್ಣ ಕಣಜವನ್ನೂ ತಂದು ಬಿಟ್ಟರು. ನೆರಳುಪರದೆಯ ಮನೆಯಲ್ಲಿ ಕಬ್ಬು ಬೆಳೆಸಿ, ಅದರ ಮೇಲೆ ಹೇನು ಬೆಳೆಸಿ, ಹೇನಿನ ಮೇಲೆ ಡೈಫಾ, ಮೈಕ್ರೋಮಸ್‌ಗಳನ್ನು ಹೆಚ್ಚಿಸಿ ರೈತರಿಗೆ ಹಂಚಿದರು. ಮಿತ್ರಕೀಟ ಇರುವ ಗದ್ದೆಗೆ ಔಷಧಿ ಹೊಡೆಯಬೇಡಿ ಎಂದು ಊರೂರಿಗೆ ಹೇಳಿದರು. ಕೆಲವೇ ವರ್ಷಗಳಲ್ಲಿ ಹೇನಿನ ಆರ್ಭಟ ಇಳಿಯಿತು.

2008ರಲ್ಲಿ ಕೊಯಮತ್ತೂರಿನ ಕಡೆ ಪರಂಗಿಯ ಹಿಟ್ಟುತಿಗಣೆ ಕಾಣಿಸಿ ಹಿಪ್ಪುನೇರಳೆಗೂ ಹತ್ತಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಆಗಲೂ ಹೆಬ್ಬಾಳವೇ ಮುಂದೆ ಬಂತು. 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಸಣ್ಣ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಹೆಚ್ಚಿಸಿ ಹಂಚಿದರು. ಆ ತಿಗಣೆಯೂ ಹತೋಟಿಗೆ ಬಂತು.

ಈ ಎರಡೂ ಗೆಲುವುಗಳಲ್ಲಿ ಹೆಸರು ಮಾಡಿದ್ದು ಹಂಚಲು ಬಂದ ಕೀಟಗಳು. ಕಬ್ಬಿನಲ್ಲಿ ಹೂನೊಣ ತಾನೇ ಹಾರಿ ಬಂತು, ತಿಂದಿತು, ಹೋಯಿತು. ಯಾರೂ ಅದನ್ನು ಡಬ್ಬಿಯಲ್ಲಿ ತಂದು ಕೊಡಲಿಲ್ಲ.

ಡಬ್ಬಿಗೆ ಏಕೆ ಸಿಗದು?

ಟ್ರೈಕೋಗ್ರಾಮ ಕಣಜವನ್ನು ಸಾಕುವುದು ಸುಲಭ. ಧಾನ್ಯದಲ್ಲಿ ಅಕ್ಕಿ ಪತಂಗ ಬೆಳೆಸಿ, ಅದರ ಮೊಟ್ಟೆಯನ್ನು ರಟ್ಟಿಗೆ ಅಂಟಿಸಿ, ಕಣಜಕ್ಕೆ ಕೊಟ್ಟರೆ ಕಾರ್ಡ್ ಸಿದ್ಧ. ಹೂನೊಣದ ಮರಿಗೆ ಜೀವಂತ ಹೇನೇ ಬೇಕು, ಹೇನಿಗೆ ಜೀವಂತ ಗಿಡ ಬೇಕು. ದೊಡ್ಡ ನೊಣಕ್ಕೆ ಹೇನು ಬೇಡ, ಹೂವಿನ ಮಕರಂದ ಮತ್ತು ಪರಾಗ ಬೇಕು. ಪರಾಗವಿಲ್ಲದೆ ಅದರ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುವುದಿಲ್ಲ. ಗಂಡು ಹೆಣ್ಣು ಕೂಡಲು ಹಾರಾಡುವ ಬಯಲು ಬೇಕು. ಯುರೋಪಿನಲ್ಲಿ ಈಚೆಗೆ ಗಾಜಿನಮನೆ ಬೆಳೆಗಳಿಗೆಂದು ಹೂನೊಣದ ಕೋಶ ಮಾರುವ ಕಂಪನಿಗಳಿವೆ. ಆದರೆ ನಮ್ಮ ಬಯಲು ಹೊಲಕ್ಕೆ ಅದು ಹೊಂದುವ ಲೆಕ್ಕವಲ್ಲ. ಬಿಟ್ಟ ನೊಣ ಹೂವಿಲ್ಲದ ಹೊಲದಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಇದರ ತಾಕತ್ತು ಎಷ್ಟು ಎಂದು ತಿಳಿಯಲು ಬ್ರಿಟನ್ನಿನ ಒಂದು ಅಧ್ಯಯನ ನೋಡಬಹುದು. ಅಲ್ಲಿ ರಾಡಾರ್ ಇಟ್ಟು ಆಕಾಶದಲ್ಲಿ ಹಾದುಹೋಗುವ ಹೂನೊಣಗಳನ್ನು ಲೆಕ್ಕ ಹಾಕಿದರು. ದೇಶದ ದಕ್ಷಿಣ ಭಾಗದ ಮೇಲೆ ವರ್ಷಕ್ಕೆ 400 ಕೋಟಿಯವರೆಗೆ ಹೂನೊಣಗಳು ವಲಸೆ ಹಾರುತ್ತವೆ, ಅವುಗಳ ಮರಿಗಳು ಲಕ್ಷಾಂತರ ಕೋಟಿ ಹೇನು ತಿನ್ನುತ್ತವೆ ಎಂದು 2019ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಒಂದಾದ ಎಪಿಸಿರ್ಫಸ್ ಜಾತಿ ನಮ್ಮ ದೇಶದ ಹೊಲಗಳಲ್ಲೂ ಇದೆ. ಅವರೆ, ಅಲಸಂದೆಯ ಕಪ್ಪು ಹೇನಿನ ಮೇಲೆ ಇಲ್ಲಿ ಹೆಚ್ಚಾಗಿ ಕಾಣುವುದು ಇಸ್ಕಿಯೋಡಾನ್ ಎಂಬ ಇನ್ನೊಂದು ಜಾತಿ. ಇಷ್ಟು ದೊಡ್ಡ ಕೂಲಿ ಪಡೆಗೆ ಯಾರೂ ಸಂಬಳ ಕೊಡುತ್ತಿಲ್ಲ. ಅವು ಕೇಳುವುದು ಹೂವು ಮಾತ್ರ.

ಅಕ್ಕಡಿ ಸಾಲಿನ ಗುಟ್ಟು

ಆ ಹೂವು ಹಿಂದೆ ನಮ್ಮ ಹೊಲದಲ್ಲೇ ಇತ್ತು. ಬೆಂಗಳೂರು, ಕೋಲಾರ, ತುಮಕೂರು ಸೀಮೆಯಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಂಚಿಗೆ ಹರಳು. ನಮ್ಮ ಅಜ್ಜಿಯರು ಇವನ್ನು ಬಿತ್ತಿಸಿದ್ದು ನೊಣಕ್ಕೆಂದಲ್ಲ. ಒಗ್ಗರಣೆಗೆ ಸಾಸಿವೆ, ಚಟ್ನಿಗೆ ಹುಚ್ಚೆಳ್ಳು, ಸಾರಿಗೆ ಕಾಳು, ದೀಪಕ್ಕೆ ಹರಳೆಣ್ಣೆ, ಮಳೆ ಕೈಕೊಟ್ಟರೆ ಒಂದಾದರೂ ಉಳಿಯಲಿ ಎಂಬ ಲೆಕ್ಕ.

ಆದರೆ ನೊಣದ ಕಣ್ಣಿನಿಂದ ಆ ಹೊಲವನ್ನು ನೋಡಿ. ರಾಗಿ ತೆನೆ ಕಟ್ಟುವ ಹೊತ್ತಿಗೆ ಹುಚ್ಚೆಳ್ಳು, ಸಾಸಿವೆ ಹಳದಿ ಹೂ ಬಿಡುತ್ತವೆ, ಅದು ದೊಡ್ಡ ನೊಣದ ಊಟ. ಸಾಸಿವೆಗೆ ತನ್ನದೇ ಹೇನು ಬೀಳುತ್ತದೆ, ಅದು ಮರಿಯ ಊಟ. ಮಾಗಿ ಚಳಿಯಲ್ಲಿ ಅವರೆಗೆ ಹೇನು ಬರುವ ಹೊತ್ತಿಗೆ ನೊಣದ ಒಂದು ತಲೆಮಾರು ಪಕ್ಕದ ಸಾಲಿನಲ್ಲೇ ಬೆಳೆದು ನಿಂತಿರುತ್ತದೆ. ಬೇರೆಲ್ಲಿಂದಲೋ ಹಾರಿ ಬರಲು ಕಾಯಬೇಕಿಲ್ಲ. ನೊಣ ತಡವಾಗಿ ಬರುತ್ತದೆ ಎಂಬ ಕುಂದನ್ನು ಅಕ್ಕಡಿ ಸಾಲು ತುಂಬಿಕೊಡುತ್ತಿತ್ತು.

ಹೆಸರಘಟ್ಟದ ಸಂಸ್ಥೆ ಕೋಸಿಗೆ ತೋರಿಸಿದ ದಾರಿಯೂ ಇದೇ ಬಗೆಯದು. 25 ಸಾಲು ಕೋಸಿನ ಅಕ್ಕಪಕ್ಕ ಸಾಸಿವೆ ಸಾಲು ಹಾಕಿದರೆ ಎಲೆ ತಿನ್ನುವ ಹುಳ ಸಾಸಿವೆಗೆ ಹೋಗುತ್ತದೆ, ಕೋಸು ಉಳಿಯುತ್ತದೆ ಎಂದು ಅಲ್ಲಿನವರು 1991ರಲ್ಲೇ ಬರೆದರು. ಹಳೆಯ ಸಾಲಿಗೆ ಹೊಸ ಲೆಕ್ಕ ಸೇರಿತು.

ಈಗ ಏನು ಉಳಿದಿದೆ?

ಯಲಹಂಕದಿಂದ ದೇವನಹಳ್ಳಿಯ ಕಡೆ ಹೋದರೆ ರಾಗಿ ಹೊಲಗಳಿದ್ದ ಜಾಗದಲ್ಲಿ ಲೇಔಟ್ ಕಲ್ಲುಗಳು ನಿಂತಿವೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಇದು ಇನ್ನೂ ಜೋರಾಯಿತು. ಉಳಿದ ಹೊಲದಲ್ಲಿ ನೀಲಗಿರಿ, ಇಲ್ಲವೇ ಬೋರ್‌ವೆಲ್ ನೀರಿನ ಒಂದೇ ತರಕಾರಿ. ಬದುವಿನ ಹೂವಿನ ಗಿಡಗಳಿಗೆ ಕಳೆನಾಶಕ. ಬಳ್ಳಾರಿ ರಸ್ತೆಯ ಪ್ರಯೋಗಾಲಯದಲ್ಲಿ ಹೂನೊಣದ ಜಾತಿ, ಕುಲ, ಗೋತ್ರ ಎಲ್ಲ ಗುರುತಿಸುವ ವಿದ್ಯೆ ಇದೆ. ಅದೇ ರಸ್ತೆಯ ಅಕ್ಕಪಕ್ಕ ಆ ನೊಣಕ್ಕೆ ಕೂರಲು ಹೂವು ಕಡಿಮೆಯಾಗುತ್ತಿದೆ. ಡಬ್ಬಿಯಲ್ಲಿ ಸಿಗುವ ಮಿತ್ರಕೀಟ ಕಳೆದುಹೋದರೆ ಮತ್ತೆ ತರಿಸಬಹುದು. ಇದನ್ನು ತರಿಸಲಾಗದು, ಉಳಿಸಿಕೊಳ್ಳಬೇಕು ಅಷ್ಟೆ. ಹೆಬ್ಬಾಳದ ನೂರಿಪ್ಪತ್ತೈದು ವರ್ಷದ ಕಥೆಯಲ್ಲಿ ನಮಗೆ ಕಂಡದ್ದು ಇದು.

ಉಳಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಹೇನು ಕಂಡ ಕೂಡಲೇ ಪಂಪ್ ಎತ್ತುವ ಮೊದಲು ಹೊಲದ ನಾಲ್ಕು ಮೂಲೆ, ನಡುಭಾಗ ಸುತ್ತಿ ಹತ್ತು ಹದಿನೈದು ಕುಡಿ ತಿರುಗಿಸಿ ನೋಡಿ. ಹೇನಿನ ನಡುವೆ ಹಸಿರು ಹುಳ, ನೀರ ಹನಿಯಂಥ ಕೋಶ, ಗುಲಗಂಜಿ ಹುಳ ಬಹಳಷ್ಟು ಕಂಡರೆ ಮೂರು ನಾಲ್ಕು ದಿನ ತಡೆದು ಮತ್ತೆ ನೋಡಿ. ಹೇನು ಇಳಿಯುತ್ತಿದ್ದರೆ ಔಷಧಿಯ ದುಡ್ಡು ಉಳಿಯಿತು. ಇಳಿಯದಿದ್ದರೆ ಹೇನು ಹೆಚ್ಚಿರುವ ಕುಡಿಗಳಿಗಷ್ಟೇ ಬೇವಿನ ಕಷಾಯ ಹೊಡೆಯಿರಿ, ಅದೂ ನೊಣ, ಜೇನು ಹಾರಾಡುವ ಬೆಳಗಿನ ಹೊತ್ತು ಬಿಟ್ಟು ಸಂಜೆಗೆ. ಕೊತ್ತಂಬರಿ ಕಿತ್ತು ಮಾರುವಾಗ ಬದುವಿನ ಪಕ್ಕ ಒಂದು ಸಾಲನ್ನು ಹೂ ಬಿಡಲು ಬಿಡಿ. ಒಂದು ಹಿಡಿ ಸಾಸಿವೆ, ಒಂದು ಹಿಡಿ ಹುಚ್ಚೆಳ್ಳು ಅಂಚಿಗೆ ಚೆಲ್ಲಿ.

ಎಲ್ಲ ಕಡೆಯೂ ಕಾಯುತ್ತ ಕೂರಿ ಎಂದು ನಾವು ಹೇಳುವುದಿಲ್ಲ. ಎಳೆ ಸಸಿಗೆ ಹೇನು ಮುತ್ತಿದ್ದರೆ ತಡಮಾಡಬಾರದು. ಪರಂಗಿ, ಮೆಣಸಿನಕಾಯಿಯಂಥ ಬೆಳೆಗೆ ಹೇನು ನಂಜುರೋಗ ಹೊತ್ತು ತರುತ್ತದೆ. ಅಲ್ಲಿ ನೊಣ ಬಂದು ತಿನ್ನುವ ಮೊದಲೇ ರೋಗ ಅಂಟಿರಬಹುದು. ಅಂಥಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳುವುದೇ ಸರಿ.

ನಿಮ್ಮ ಊರಿನಲ್ಲಿ ಈ ನೊಣಕ್ಕೆ ಬೇರೆ ಹೆಸರಿದ್ದರೆ ನಮಗೆ ಬರೆದು ತಿಳಿಸಿ. ಮನೆಯ ಹಿರಿಯರನ್ನೂ ಒಮ್ಮೆ ಕೇಳಿ. ಹೆಸರು ಗೊತ್ತಿರುವ ಹುಳವನ್ನು ಕೊಲ್ಲುವ ಮೊದಲು ಕೈ ಒಂದು ಗಳಿಗೆ ತಡೆಯುತ್ತದೆ.